ನಿಮಗಿದು ಗೊತ್ತೇ? ಮೊದಲು ತೋಟಾ, ಆಮೇಲೆ ಕೋವಿ

ನಮ್ಮ ಸೈನಿಕರು ಎಸ್‌ಎಲ್‌ಆರ್ ಎನ್ನುತ್ತಿದ್ದ ಬಂದೂಕು, ಬ್ರಿಟಿಷರ ಎಲ್1ಎ1, ಬೆಲ್ಜಿಯಂನವರ ಫಾಲ್, ಈ ಮೂರೂ ಒಂದೇ ತಾಯಿಯ ಮಕ್ಕಳು. ಫಾಲ್ ಎಂಬುದು ಫ್ರೆಂಚ್ ಹೆಸರೊಂದರ ಮೊದಲಕ್ಷರಗಳು. ಕನ್ನಡದಲ್ಲಿ ಹೇಳುವುದಾದರೆ 'ಹಗುರ ಸ್ವಯಂಚಾಲಿತ ರೈಫಲ್'. ಆ 'ಹಗುರ'ದ ತೂಕ ಖಾಲಿ ಇದ್ದಾಗಲೇ 4 ಕಿಲೊ ದಾಟುತ್ತದೆ. ಇಪ್ಪತ್ತು ಗುಂಡು ತುಂಬಿದ ಮ್ಯಾಗಜಿನ್ ಸಿಕ್ಕಿಸಿದರೆ ಅಂಗಡಿಯಿಂದ ತರುವ 5 ಕಿಲೊ ಅಕ್ಕಿ ಚೀಲ ಹೆಗಲ ಮೇಲೆ. ಎನ್‌ಸಿಸಿ ಶಿಬಿರವೊಂದರಲ್ಲಿ ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಓಡುವ ಶಿಕ್ಷೆ ಅನುಭವಿಸಿದವನು ನಾನು. ಹೆಸರಿಟ್ಟವರು ಒಂದು ಸುತ್ತು ಓಡಿ ನೋಡಬೇಕಿತ್ತು.

ನಮ್ಮ ಎಸ್‌ಎಲ್‌ಆರ್ ಸೆಮಿ ಆಟೊಮ್ಯಾಟಿಕ್ ಕೋವಿ. ಹಾಗೆಂದರೆ ಏನು? ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಆದರೆ ಮುಂದಿನ ಗುಂಡನ್ನು ನಳಿಗೆಗೆ ತುಂಬುವ ಕೆಲಸ ಕೋವಿಯದೇ. ಹಾರಿದ ಗುಂಡಿನ ಹಿಂದೆ ನುಗ್ಗುವ ಬಿಸಿ ಅನಿಲದಲ್ಲಿ ಒಂದಿಷ್ಟು ಪಾಲನ್ನು ನಳಿಗೆಯ ಸಣ್ಣ ತೂತಿನಿಂದ ಕದ್ದು, ಅದರಿಂದ ಒಂದು ಪಿಸ್ಟನ್ನು ಹಿಂದಕ್ಕೆ ತಳ್ಳಿಸುತ್ತಾರೆ. ಖಾಲಿ ತೋಟಾ ಆಚೆಗೆ ಹಾರುತ್ತದೆ, ಸ್ಪ್ರಿಂಗು ಹೊಸದನ್ನು ಒಳಕ್ಕೆ ದೂಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಳೆಯ ತ್ರೀ ನಾಟ್ ತ್ರೀ ಬಂದೂಕಿನಲ್ಲಾದರೆ ಪ್ರತಿ ಗುಂಡಿಗೂ ಬೋಲ್ಟ್ ಎತ್ತಬೇಕು, ಎಳೆಯಬೇಕು, ದೂಡಬೇಕು, ಮಡಚಬೇಕು. ಅಷ್ಟರಲ್ಲಿ ಗುರಿ ತಪ್ಪಿರುತ್ತದೆ.

ಎಸ್‌ಎಲ್‌ಆರ್‌ನಂಥದ್ದನ್ನು 'ಬ್ಯಾಟಲ್ ರೈಫಲ್' ಎನ್ನುತ್ತಾರೆ, ಆದರೆ ಆ ಮಾತನ್ನು ಎಲ್ಲ ಬಂದೂಕಿಗೂ ಅಂಟಿಸುವಂತಿಲ್ಲ. ಪೂರ್ಣ ಶಕ್ತಿಯ ತೋಟಾ ಹಾರಿಸುವುದಕ್ಕೆ ಮಾತ್ರ ಆ ಹೆಸರು. ಎಕೆ 47ರಂಥದ್ದು ಗಿಡ್ಡ ತೋಟಾದ 'ಅಸಾಲ್ಟ್ ರೈಫಲ್', ಅದು ಬೇರೆ ಜಾತಿ. ಎಕೆಯ ಗುಂಡು ನಳಿಗೆ ಬಿಡುವಾಗ ಸುಮಾರು 2,000 ಜೂಲ್ ಶಕ್ತಿ ಹೊತ್ತಿದ್ದರೆ, ಎಸ್‌ಎಲ್‌ಆರ್‌ನ ಗುಂಡು 3,300 ಜೂಲ್‌ಗೂ ಹೆಚ್ಚು ಹೊತ್ತಿರುತ್ತದೆ. ವಿಚಿತ್ರವೆಂದರೆ ಎರಡರ ವ್ಯಾಸವೂ ಹೆಸರಿಗೆ 7.62 ಮಿಲಿಮೀಟರೇ. ವ್ಯತ್ಯಾಸ ಇರುವುದು ತೋಟಾದ ಕವಚದ ಉದ್ದದಲ್ಲಿ. ಎಕೆಯದು 39 ಮಿ.ಮೀ., ಎಸ್‌ಎಲ್‌ಆರ್‌ನದು 51 ಮಿ.ಮೀ. ಈ 51ನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಜಗತ್ತಿನಲ್ಲಿ ಮೊದಲು ಸೆಮಿ ಆಟೊಮ್ಯಾಟಿಕ್ ರೈಫಲನ್ನು ಸೈನ್ಯಕ್ಕೆ ಸೇರಿಸಿಕೊಂಡ ದೇಶ ಅಮೆರಿಕವೂ ಅಲ್ಲ, ಜರ್ಮನಿಯೂ ಅಲ್ಲ. ಮೆಕ್ಸಿಕೊ! 1908ರಲ್ಲಿ. ವಿನ್ಯಾಸ ಮಾಡಿದ್ದು ಅವರದೇ ಸೇನಾಧಿಕಾರಿ ಮನುವೆಲ್ ಮೊಂಡ್ರಗೊನ್. ಆದರೆ ತಯಾರಿಸುವಂಥ ಕಾರ್ಖಾನೆ ಊರಲ್ಲಿರಲಿಲ್ಲವಾಗಿ ಸ್ವಿಟ್ಜರ್‌ಲೆಂಡಿನ ಸಿಗ್ ಕಂಪನಿಗೆ 4,000 ರೈಫಲ್‌ಗಳ ಆರ್ಡರ್ ಹೋಯಿತು. ಒಂದಿಷ್ಟು ಬಂದು ಸೇರುವಷ್ಟರಲ್ಲಿ ಮೆಕ್ಸಿಕೊದಲ್ಲಿ ಕ್ರಾಂತಿಯಾಗಿ ಅಧ್ಯಕ್ಷನೇ ದೇಶ ಬಿಟ್ಟ. ಗೋದಾಮಿನಲ್ಲಿ ಉಳಿದದ್ದನ್ನು ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಕೊಂಡು ವಿಮಾನದಲ್ಲಿ ಹಾರುವವರ ಕೈಗೆ ಕೊಟ್ಟರು. ಕಂದಕದ ಕೆಸರು ತಾಗದಿದ್ದರೆ ಮಾತ್ರ ಸರಿಯಾಗಿ ಓಡುವ ಕೋವಿಗೆ ಆಕಾಶಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ಎರಡನೆಯ ಮಹಾಯುದ್ಧದಲ್ಲಿ ತನ್ನ ಸಾಮಾನ್ಯ ಸಿಪಾಯಿಗೂ ಸೆಮಿ ಆಟೊಮ್ಯಾಟಿಕ್ ರೈಫಲ್ಲೇ ಎಂದು ನಿರ್ಧರಿಸಿ ಹಾಗೇ ಕೊಟ್ಟ ದೇಶ ಅಮೆರಿಕ. ಆ ಎಂ1 ಗ್ಯಾರಂಡ್‌ನ ಆಯ್ಕೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಮುಂದೆ ಬರುವ ಎಲ್ಲ ತಂಟೆಯ ಬೀಜ ಅಲ್ಲೇ ಇದೆ.

ಜಾನ್ ಗ್ಯಾರಂಡ್ ಹುಟ್ಟಿದ್ದು ಕೆನಡಾದಲ್ಲಿ, ಕೆಲಸ ಮಾಡಿದ್ದು ಅಮೆರಿಕದ ಸರ್ಕಾರಿ ಕಾರ್ಖಾನೆ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ. ಅವನ ಎದುರಾಳಿ ಜಾನ್ ಪೆಡರ್ಸನ್. ಪೆಡರ್ಸನ್‌ನ ರೈಫಲ್ ನುಣುಪಾಗಿ ಓಡುತ್ತಿತ್ತು, ಆದರೆ ಅದರ ತೋಟಾಗಳಿಗೆ ತೆಳುವಾಗಿ ಮೇಣ ಬಳಿದಿರಬೇಕಿತ್ತು. ಮರುಭೂಮಿಯ ಬಿಸಿಲಲ್ಲಿ ಮೇಣ ಹಚ್ಚಿದ ತೋಟಾ! ಅವನು ಸೋತದ್ದರಲ್ಲಿ ಆಶ್ಚರ್ಯವಿಲ್ಲ. ಸೋತರೂ ಅವನು ರೂಪಿಸಿದ .276 ಇಂಚಿನ ಸಣ್ಣ ತೋಟಾ ಗೆದ್ದೇ ಬಿಟ್ಟಿತ್ತು. ಗ್ಯಾರಂಡ್ ಕೂಡ ಅದೇ ತೋಟಾಕ್ಕೆ 10 ಗುಂಡಿನ ಕೋವಿ ಮಾಡಿದ್ದ. ಆಗ, 1932ರಲ್ಲಿ, ಸೇನಾ ಮುಖ್ಯಸ್ಥ ಡಗ್ಲಸ್ ಮೆಕಾರ್ಥರ್ ಬೇಡವೆಂದ. ಉಗ್ರಾಣದಲ್ಲಿ ಹಳೆಯ .30 ಇಂಚಿನ ತೋಟಾ ರಾಶಿ ಬಿದ್ದಿದೆ, ದೇಶದಲ್ಲಿ ದುಡ್ಡಿಲ್ಲ, ಇರುವುದಕ್ಕೇ ಹೊಂದುವ ಕೋವಿ ಮಾಡಿ. ಗ್ಯಾರಂಡ್ ಮಾಡಿಕೊಟ್ಟ. 10 ಗುಂಡಿನ ಜಾಗಕ್ಕೆ 8 ಬಂತು. 1936ರಲ್ಲಿ ಸೈನ್ಯ ಸೇರಿದ ಈ ರೈಫಲ್ 50 ಲಕ್ಷಕ್ಕೂ ಹೆಚ್ಚು ತಯಾರಾಯಿತು.

ಗ್ಯಾರಂಡ್‌ಗೆ ಸಿಕ್ಕ ರಾಯಧನ ಎಷ್ಟು? ಸೊನ್ನೆ. ಹಕ್ಕುಗಳನ್ನೆಲ್ಲ ಸರ್ಕಾರಕ್ಕೆ ಬರೆದುಕೊಟ್ಟಿದ್ದ. ಅವನಿಗೆ ಒಂದು ಲಕ್ಷ ಡಾಲರ್ ಕೊಡೋಣವೆಂದು ಸಂಸತ್ತಿನಲ್ಲಿ ಮಸೂದೆ ಬಂತು, ಪಾಸಾಗಲಿಲ್ಲ.

ಗ್ಯಾರಂಡ್‌ನ ಎಂಟು ಗುಂಡುಗಳು ಒಂದು ತಗಡಿನ ಕ್ಲಿಪ್ಪಿನಲ್ಲಿ ಕುಳಿತು ಒಟ್ಟಿಗೇ ಒಳಗೆ ಹೋಗುತ್ತವೆ. ಕೊನೆಯ ಗುಂಡು ಹಾರಿದಾಗ ಖಾಲಿ ಕ್ಲಿಪ್ 'ಟಿಂಗ್' ಎಂದು ಹೊರಗೆ ಚಿಮ್ಮುತ್ತದೆ. ಆ ಸದ್ದು ಕೇಳಿ ಶತ್ರು ಮೇಲೆ ಬೀಳುತ್ತಿದ್ದನಂತೆ ಎಂಬುದು ಸಿನಿಮಾದವರಿಗೂ ವಿಡಿಯೊ ಗೇಮಿನವರಿಗೂ ಬಲು ಪ್ರಿಯವಾದ ಕಥೆ. ಸುತ್ತ ಹತ್ತಾರು ಬಂದೂಕು, ಮೆಷಿನ್‌ಗನ್ನು, ಬಾಂಬು ಸಿಡಿಯುವಾಗ ಐವತ್ತು ಗಜದಾಚೆಯ ತಗಡಿನ ಸದ್ದು ಯಾರ ಕಿವಿಗೆ ಬೀಳಬೇಕು? ನನಗಂತೂ ನಂಬಿಕೆಯಿಲ್ಲ. ಆ ಕೋವಿಯ ನಿಜವಾದ ಕಾಟ ಬೇರೆ. ತುಂಬುವಾಗ ಹೆಬ್ಬೆರಳು ಬೇಗ ತೆಗೆಯದಿದ್ದರೆ ಬೋಲ್ಟ್ ಬಂದು ಜಜ್ಜುತ್ತಿತ್ತು. 'ಎಂ1 ಹೆಬ್ಬೆರಳು' ಎಂದೇ ಆ ಗಾಯಕ್ಕೆ ಹೆಸರು.

ಜಪಾನಿಯರು ಯುದ್ಧದ ಕೊನೆಗೆ ಗ್ಯಾರಂಡನ್ನು ನಕಲು ಮಾಡಿದರು. ಯುದ್ಧ ಮುಗಿಯುವಷ್ಟರಲ್ಲಿ ತಯಾರಾದದ್ದು ನೂರಾರು ಮಾತ್ರ.

ಅಥೆನ್ಸ್‌ನಲ್ಲಿ ಕುಚ್ಚಿನ ಚಪ್ಪಲಿ, ನಿರಿಗೆ ಲಂಗ ತೊಟ್ಟು ಸೈನಿಕ ಸ್ಮಾರಕ ಕಾಯುವ ಗ್ರೀಕ್ ಕಾವಲುಗಾರರ ಹೆಗಲ ಮೇಲಿರುವುದು ಇವತ್ತಿಗೂ ಇದೇ ಗ್ಯಾರಂಡ್.

ಈಗ ಮುಖ್ಯ ಕಥೆಗೆ ಬರೋಣ. ಯುದ್ಧ ಮುಗಿಯಿತು, ನೇಟೊ ಕೂಟ ಹುಟ್ಟಿತು. ಎಲ್ಲ ಮಿತ್ರರಾಷ್ಟ್ರಗಳ ಕೋವಿಗೂ ಒಂದೇ ತೋಟಾ ಇರಲಿ ಎಂದಾಯಿತು. ಯಾವ ತೋಟಾ? ಬ್ರಿಟಿಷರು .280 ಇಂಚಿನ ಸಣ್ಣ ತೋಟಾ ಮುಂದಿಟ್ಟರು. ಅದಕ್ಕೊಪ್ಪುವ ಇಎಂ2 ಎಂಬ ಗಿಡ್ಡ ಕೋವಿಯನ್ನೂ ಮಾಡಿದ್ದರು. ಅದರ ಮ್ಯಾಗಜಿನ್ ಹಿಡಿಕೆಯ ಹಿಂದೆ, ಬಹುತೇಕ ಭುಜದ ಹತ್ತಿರ. ಕಾಲಕ್ಕಿಂತ ಮೂವತ್ತು ವರ್ಷ ಮುಂದಿದ್ದ ರೂಪ. 1951ರಲ್ಲಿ ಲೇಬರ್ ಸರ್ಕಾರ ಇದನ್ನೇ ತಗೊಳ್ಳುತ್ತೇವೆ ಎಂದು ಘೋಷಿಸಿಯೂ ಬಿಟ್ಟಿತು. ಅದೇ ವರ್ಷ ಚುನಾವಣೆಯಲ್ಲಿ ಗೆದ್ದು ಬಂದ ಚರ್ಚಿಲ್ ಅದನ್ನು ಕೈಬಿಟ್ಟರು. ಕಾರಣ ಕೋವಿ ಕೆಟ್ಟದ್ದೆಂದಲ್ಲ, ಅಮೆರಿಕ ಒಪ್ಪುತ್ತಿರಲಿಲ್ಲ. ಅಮೆರಿಕಕ್ಕೆ ತನ್ನ .30 ಇಂಚಿನ ಶಕ್ತಿಯಲ್ಲಿ ಒಂದು ಗುಲಗಂಜಿಯೂ ಕಡಿಮೆಯಾಗಬಾರದು. ಕೊನೆಗೆ ಗೆದ್ದದ್ದು ಅಮೆರಿಕದ 7.62×51.

ಇದರಲ್ಲಿ ತಮಾಷೆ ಎಲ್ಲಿದೆ ಗೊತ್ತೇ? 1952ರಲ್ಲಿ ಅಮೆರಿಕ ಸೈನ್ಯಕ್ಕಾಗಿಯೇ ನಾರ್ಮನ್ ಹಿಚ್‌ಮನ್ ಎಂಬವರು ಅಧ್ಯಯನ ಮಾಡಿ ವರದಿ ಕೊಟ್ಟಿದ್ದರು. ಕಾಲಾಳುವಿನ ಗುಂಡಿನ ಕಾಳಗ ಬಹುಮಟ್ಟಿಗೆ 300 ಗಜದೊಳಗೇ ನಡೆಯುತ್ತದೆ, ಅದಕ್ಕೆ ಸಣ್ಣ ತೋಟಾ ಸಾಕು ಎಂಬುದು ಅದರ ಸಾರ. ಕೈಯಲ್ಲಿ ಆ ವರದಿ ಇಟ್ಟುಕೊಂಡೇ 600 ಮೀಟರು ಹಾರಿ ಕೊಲ್ಲುವ ತೋಟಾವನ್ನು ಇಡೀ ಕೂಟದ ಕೊರಳಿಗೆ ಕಟ್ಟಿದರು.

ಫಾಲ್ ಕೋವಿ ಮೊದಲು ಹುಟ್ಟಿದ್ದೂ ಸಣ್ಣ ತೋಟಾಕ್ಕೇ. ಬೆಲ್ಜಿಯಂನ ಲಿಯೆಜ್ ಬಳಿಯ ಹೆರ್ಸ್ತಾಲ್ ಊರಿನ ಎಫ್‌ಎನ್ ಕಂಪನಿಯಲ್ಲಿ ದ್ಯೂದೊನೆ ಸೇವ್ ಎಂಬ ವಿನ್ಯಾಸಕ ಅದನ್ನು ಮೊದಲು ಜರ್ಮನಿಯ ಗಿಡ್ಡ ತೋಟಾಕ್ಕೆ, ಆಮೇಲೆ ಬ್ರಿಟಿಷರ .280ಕ್ಕೆ ಮಾಡಿದ್ದ. ತೋಟಾ ಬದಲಾಯಿತು, ಕೋವಿ ಹಿಗ್ಗಿತು. 'ಹಗುರ' ಎಂಬ ಹೆಸರು ಮಾತ್ರ ಹಾಗೇ ಉಳಿಯಿತು. ಮದುವೆಗೆ ಮೊದಲು ಹೊಲಿಸಿದ ಅಂಗಿಯನ್ನು ಮದುವೆಯಾಗಿ ಹತ್ತು ವರ್ಷದ ಮೇಲೆ ಬಿಚ್ಚಿ ಹೊಲಿಸಿದ ಹಾಗೆ.

ನಾವು ನಿಮ್ಮ ತೋಟಾ ಒಪ್ಪುತ್ತೇವೆ, ನೀವು ಫಾಲ್ ಕೋವಿ ತಗೊಳ್ಳಿ ಎಂಬ ಬಾಯಿಮಾತಿನ ಒಪ್ಪಂದ ಅಮೆರಿಕಕ್ಕೂ ಯುರೋಪಿಗೂ ಆಗಿತ್ತೆಂಬ ಮಾತಿದೆ. ಆಗಿದ್ದರೆ ಅದನ್ನು ಅಮೆರಿಕ ನಡೆಸಿಕೊಡಲಿಲ್ಲ. ಸ್ಪ್ರಿಂಗ್‌ಫೀಲ್ಡ್‌ನವರ ಟಿ44 ಒಂದು ಕಡೆ, ಟಿ48 ಎಂಬ ಹೆಸರಿನಲ್ಲಿ ಫಾಲ್ ಇನ್ನೊಂದು ಕಡೆ, ವರ್ಷಗಟ್ಟಲೆ ಪರೀಕ್ಷೆ ನಡೆಯಿತು. ಆರಂಭದಲ್ಲಿ ಬೆಲ್ಜಿಯಂ ಕೋವಿಯದೇ ಮೇಲುಗೈ. 1953ರ ಚಳಿಗಾಲದಲ್ಲಿ ಎರಡನ್ನೂ ಅಲಾಸ್ಕಾಗೆ ಒಯ್ದರು. ಹೋಗುವ ಮೊದಲು ಸ್ಪ್ರಿಂಗ್‌ಫೀಲ್ಡ್‌ನವರು ತಮ್ಮದನ್ನು ಶೀತಲ ಕೋಣೆಯಲ್ಲಿಟ್ಟು ತಿದ್ದಿ ತೀಡಿ ಕಳಿಸಿದ್ದರು. ಬೆಲ್ಜಿಯಂನದು ಇದ್ದ ಹಾಗೇ ಬಂದು ಹಿಮದಲ್ಲಿ ತೊದಲಿತು. ಪರೀಕ್ಷೆಗೆ ಕೂತ ಮಕ್ಕಳಲ್ಲಿ ಒಬ್ಬನ ಅಪ್ಪನೇ ಮೇಷ್ಟ್ರಾದರೆ ಹೇಗಿರುತ್ತದೋ ಹಾಗೆ. 1957ರಲ್ಲಿ ಟಿ44 ಎಂ14 ಆಯಿತು. ಅದು ಮೋಸವೆಂದು ನಾನು ಹೇಳಲಾರೆ. ಟಿ44 ಅರ್ಧ ಕಿಲೊದಷ್ಟು ಹಗುರವಾಗಿತ್ತು, ಪರೀಕ್ಷೆಯ ಕೊನೆಗೆ ಎರಡೂ ಸಮಸಮ ನಿಂತಿದ್ದವು. ಸಮ ನಿಂತಾಗ ಮನೆಯವನು ಗೆದ್ದ, ಅಷ್ಟೆ.

ಗ್ಯಾರಂಡ್ ಮಾಡಿದ ಯಂತ್ರಗಳಲ್ಲೇ ಎಂ14 ಮಾಡಬಹುದು, ಖರ್ಚು ಉಳಿಯುತ್ತದೆ ಎಂಬುದೂ ಅದರ ಪರವಾದ ವಾದವಾಗಿತ್ತು. ತಯಾರಿಗೆ ಇಳಿದಾಗ ಆ ಯಂತ್ರಗಳು ಹೆಚ್ಚೇನೂ ಉಪಯೋಗಕ್ಕೆ ಬರಲಿಲ್ಲ.

ಗ್ಯಾರಂಡ್ ರೈಫಲ್, ಪುಟ್ಟ ಕಾರ್ಬೈನ್, ಸಬ್ ಮೆಷಿನ್‌ಗನ್, ಬಿಎಆರ್ ಎಂಬ ಭಾರದ ಸ್ವಯಂಚಾಲಿತ ಬಂದೂಕು, ಈ ನಾಲ್ಕರ ಕೆಲಸವನ್ನೂ ಎಂ14 ಒಂದೇ ಮಾಡಬೇಕೆಂದು ಆಸೆಪಟ್ಟರು. ಸಾರಿಗೂ ಅದೇ, ಪಾಯಸಕ್ಕೂ ಅದೇ ಸೌಟು. ಆಟೊಮ್ಯಾಟಿಕ್‌ಗೆ ತಿರುಗಿಸಿದರೆ ನಳಿಗೆ ಆಕಾಶ ನೋಡುತ್ತಿತ್ತು. ಹಾಗಾಗಿ ಬಹುಪಾಲು ಎಂ14ಗಳ ಆ ಸ್ವಿಚ್ಚಿಗೆ ಬೀಗ ಹಾಕಿ, ಸೆಮಿ ಆಟೊಮ್ಯಾಟಿಕ್ ಆಗಿಯೇ ಸಿಪಾಯಿಗಳಿಗೆ ಕೊಟ್ಟರು. ವಿಯೆಟ್ನಾಂನ ಮಳೆಗೆ ಅದರ ಮರದ ಕಟ್ಟು ಉಬ್ಬಿ ಗುರಿ ಸರಿಯುತ್ತಿತ್ತು. 13 ಲಕ್ಷಕ್ಕೂ ಹೆಚ್ಚು ಮಾಡಿ 1960ರ ದಶಕದ ಮಧ್ಯದಲ್ಲೇ ತಯಾರಿಕೆ ನಿಲ್ಲಿಸಿದರು. 1968ರಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯೇ ಬಾಗಿಲು ಹಾಕಿತು. ಈಗ ಅದು ವಸ್ತುಸಂಗ್ರಹಾಲಯ.

ಅದೇ ಸ್ಪರ್ಧೆಗೆ ತಡವಾಗಿ ಓಡಿಬಂದ ಮೂರನೆಯವನೊಬ್ಬನಿದ್ದ. ವಿಮಾನ ತಯಾರಿಸುವ ಫೇರ್‌ಚೈಲ್ಡ್ ಕಂಪನಿಯ ಅಂಗಸಂಸ್ಥೆ ಆರ್ಮಲೈಟ್, ಅದರ ವಿನ್ಯಾಸಕ ಯುಜೀನ್ ಸ್ಟೋನರ್, ಅವನ ಎಆರ್10. ಮರದ ಬದಲು ಪ್ಲಾಸ್ಟಿಕ್, ಉಕ್ಕಿನ ಬದಲು ಅಲ್ಯೂಮಿನಿಯಂ. ಉಳಿದವುಗಳಿಗಿಂತ ಮುಕ್ಕಾಲು ಕಿಲೊ ಹಗುರ. ಆದರೆ ತೂಕ ಇಳಿಸುವ ಹುಮ್ಮಸ್ಸಿನಲ್ಲಿ ನಳಿಗೆಗೂ ಅಲ್ಯೂಮಿನಿಯಂ ಬೆರೆಸಿದ್ದರು. ಪರೀಕ್ಷೆಯ ನಡುವೆ ಅದು ಒಡೆಯಿತು. ಅಲ್ಲಿಗೆ ಅವಕಾಶ ಹೋಯಿತು. ಎಆರ್10 ಕೊಂಡವರು ಕೆಲವರೇ, ಅವರಲ್ಲಿ ಸುಡಾನ್ ಮತ್ತು ಪೋರ್ಚುಗಲ್ ಮುಖ್ಯ. ಆದರೆ ಅದೇ ವಿನ್ಯಾಸವನ್ನು ಸಣ್ಣ ತೋಟಾಕ್ಕೆ ಕುಗ್ಗಿಸಿದಾಗ ಹುಟ್ಟಿದ್ದು ಎಂ16. ಸೋತವನ ತಮ್ಮ ಬಂದು ಗೆದ್ದವನನ್ನು ಮನೆಗೆ ಕಳಿಸಿದ.

ಪಶ್ಚಿಮ ಜರ್ಮನಿ ಮೊದಲು ಕೊಂಡದ್ದೂ ಫಾಲನ್ನೇ. ಜಿ1 ಎಂದು ಹೆಸರಿಟ್ಟಿತ್ತು. ನಾವೇ ತಯಾರಿಸುತ್ತೇವೆ, ಪರವಾನಗಿ ಕೊಡಿ ಎಂದಾಗ ಬೆಲ್ಜಿಯಂ ಆಗದು ಎಂದಿತು. ಎರಡು ಮಹಾಯುದ್ಧಗಳಲ್ಲಿ ಜರ್ಮನ್ ಸೈನ್ಯ ತುಳಿದುಕೊಂಡು ಹೋದ ದೇಶ ಅದು, ಇನ್ನೇನು ಹೇಳೀತು? ಜರ್ಮನಿ ಬೇರೆ ಕೋವಿ ಹುಡುಕಬೇಕಾಯಿತು. ಸಿಕ್ಕಿದ್ದೆಲ್ಲಿ ಎಂದರೆ ಸ್ಪೇನಿನಲ್ಲಿ. ಮಾಡಿದವನು ಯಾರೆಂದರೆ ಜರ್ಮನ್ನನೇ! ಲುಡ್ವಿಗ್ ಫೋರ್ಗ್ರಿಮ್ಲರ್ ಯುದ್ಧಕಾಲದಲ್ಲಿ ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆಯಲ್ಲಿದ್ದ. ಯುದ್ಧ ಸೋತ ಮೇಲೆ ಫ್ರಾನ್ಸಿಗೆ ಹೋದ, ಅಲ್ಲಿಂದ ಸ್ಪೇನಿಗೆ. ಅವನು ಅಲ್ಲಿ ರೂಪಿಸಿದ ಸೆಟ್ಮೆ ಕೋವಿಯನ್ನು ಜರ್ಮನಿ ಕೊಂಡು ತಂದು ಜಿ3 ಎಂದು ಹೆಸರಿಟ್ಟು ಮಾಡಿಸಿದ್ದು ಹೆಕ್ಲರ್ ಅಂಡ್ ಕೋಖ್ ಕಂಪನಿಯಲ್ಲಿ. ಆ ಕಂಪನಿ ಇದ್ದದ್ದು ಯಾವ ಊರಲ್ಲಿ? ಓಬರ್ನ್‌ಡಾರ್ಫ್‌ನಲ್ಲಿ. ಕಳೆದ ಹಸು ಮೂರು ಊರು ಸುತ್ತಿ ತನ್ನ ಕೊಟ್ಟಿಗೆಗೇ ಬಂದು ನಿಂತಿತು.

ಜಿ3ಯಲ್ಲಿ ಅನಿಲದ ಪಿಸ್ಟನ್ ಇಲ್ಲ. ಗುಂಡು ಹಾರಿದ ಹೊಡೆತಕ್ಕೆ ಬೋಲ್ಟ್ ತಾನೇ ಹಿಂದಕ್ಕೆ ಹೋಗುತ್ತದೆ, ಆದರೆ ಎರಡು ಪುಟ್ಟ ಉರುಳೆಗಳು ಅದನ್ನು ಕ್ಷಣಕಾಲ ತಡೆದು ಬಿಡುತ್ತವೆ. ತೋಟಾ ಗೋಡೆಗೆ ಅಂಟಿಕೊಳ್ಳದಿರಲೆಂದು ತೋಟಾ ಕೂರುವ ಗೂಡಿನೊಳಗೆ ಉದ್ದುದ್ದ ಗೀರು ಕೊರೆದಿರುತ್ತಾರೆ. ಹಾಗಾಗಿ ಜಿ3ಯಿಂದ ಬಿದ್ದ ಖಾಲಿ ತೋಟಾದ ಮೇಲೆ ಕಪ್ಪು ಪಟ್ಟೆಗಳಿರುತ್ತವೆ. ನೆಲದ ಮೇಲೆ ಬಿದ್ದದ್ದನ್ನು ನೋಡಿಯೇ ಯಾವ ಕೋವಿಯದೆಂದು ಹೇಳಬಹುದು.

ಚೆ ಗುವಾರನ ಟೀ ಶರ್ಟಿಗೂ ಫಾಲ್ ಕೋವಿಗೂ ಏನು ಸಂಬಂಧ? ಕ್ಯಾಸ್ಟ್ರೊನ ಕ್ಯೂಬಾ ಕೂಡ ಬೆಲ್ಜಿಯಂನ ಗಿರಾಕಿ. 1960ರ ಮಾರ್ಚ್ 4ರಂದು ಬೆಲ್ಜಿಯಂನ ಮದ್ದುಗುಂಡು ಹೊತ್ತು ಹವಾನಾ ಬಂದರಿಗೆ ಬಂದ 'ಲ ಕೂಬ್ರ್' ಎಂಬ ಹಡಗು ಸ್ಫೋಟಗೊಂಡಿತು. ಸತ್ತವರ ಸ್ಮರಣೆಗೆಂದು ಮರುದಿನ ಸೇರಿದ ಸಭೆಯಲ್ಲಿ ಆಲ್ಬರ್ಟೊ ಕೊರ್ಡಾ ಒಂದು ಫೋಟೊ ತೆಗೆದ. ಟೋಪಿ, ಕೆದರಿದ ಕೂದಲು, ದೂರ ನೋಡುವ ಕಣ್ಣು. ಹೌದು, ಅದೇ ಫೋಟೊ.

ಇನ್ನು ನಮ್ಮ ಮನೆಯ ಕಥೆ. ಇದನ್ನು ಹೇಳಲೆಂದೇ ಇಷ್ಟು ಪೀಠಿಕೆ.

ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರು. ಆಗ ನಮ್ಮ ಸಿಪಾಯಿಯ ಕೈಯಲ್ಲಿದ್ದದ್ದು ಬ್ರಿಟಿಷರು ಬಿಟ್ಟುಹೋದ ತ್ರೀ ನಾಟ್ ತ್ರೀ. ಒಳ್ಳೆಯ ಬಂದೂಕೇ. ಪಳಗಿದ ಬ್ರಿಟಿಷ್ ಸಿಪಾಯಿ ಅದರಿಂದ 300 ಗಜದ ಗುರಿಗೆ ನಿಮಿಷಕ್ಕೆ 15 ಗುಂಡು ಹಾರಿಸುತ್ತಿದ್ದ ಕಾಲವೂ ಇತ್ತು. ಆದರೆ ಆ ಕಾಲ 1914. ತಿಮ್ಮಯ್ಯನವರು ಅದನ್ನು ಬದಲಿಸಿ ಬೆಲ್ಜಿಯಂನ ಎಫ್‌ಎನ್ ಸ್ವಯಂಚಾಲಿತ ರೈಫಲ್ ತರಿಸೋಣ ಎಂದು ಕೇಳಿದರು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಸಿಟ್ಟಾದರು. ನೇಟೊ ಆಯುಧಗಳು ಈ ದೇಶಕ್ಕೆ ಬೇಡವೆಂದು ಖಡಾಖಂಡಿತವಾಗಿ ಹೇಳಿದ್ದನ್ನು ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ. ಇಬ್ಬರಿಗೂ ಬೇರೆ ವಿಷಯಗಳಲ್ಲೂ ಸರಿಬರಲಿಲ್ಲ. 1959ರಲ್ಲಿ ತಿಮ್ಮಯ್ಯ ರಾಜೀನಾಮೆ ಕೊಟ್ಟು, ನೆಹರೂ ಒತ್ತಾಯಕ್ಕೆ ಹಿಂತೆಗೆದುಕೊಂಡದ್ದು ನಿಮಗೆ ಗೊತ್ತಿರಬಹುದು. 1961ರಲ್ಲಿ ನಿವೃತ್ತರಾದರು. 1962ರ ಅಕ್ಟೋಬರಿನಲ್ಲಿ ಚೀನಾ ಗಡಿ ದಾಟಿದಾಗ ನಮ್ಮವರು ಹಿಮದಲ್ಲಿ ಬೋಲ್ಟ್ ಎಳೆಯುತ್ತಲೇ ನಿಂತಿದ್ದರು.

ಯುದ್ಧದ ಸೋಲಿಗೆ ಬಂದೂಕೊಂದೇ ಕಾರಣವೆಂದರೆ ತಪ್ಪಾಗುತ್ತದೆ. ಬೆಚ್ಚನೆಯ ಬಟ್ಟೆಯಿರಲಿಲ್ಲ, ರಸ್ತೆಯಿರಲಿಲ್ಲ, ತಯಾರಿಯಿರಲಿಲ್ಲ. ಆದರೆ ಆಮೇಲೆ ನಡೆದದ್ದು ನೋಡಿ. ಪಶ್ಚಿಮ ಬಂಗಾಳದ ಹೂಗ್ಲಿ ದಂಡೆಯ ಈಶಾಪುರ ರೈಫಲ್ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾಗತೊಡಗಿದ 7.62 ಮಿ.ಮೀ. ಎಸ್‌ಎಲ್‌ಆರ್ ಯಾವುದರ ವಿನ್ಯಾಸ? ಬೆಲ್ಜಿಯಂನ ಅದೇ ಎಫ್‌ಎನ್ ಕೋವಿಯದು. ಹಾರಿಸಿದ್ದು ಯಾವ ತೋಟಾ? ನೇಟೊದ್ದೇ. ತಿಮ್ಮಯ್ಯ ಕೇಳಿದ್ದು ಬಂತು, ಕೇಳಿದವರು ಮನೆಗೆ ಹೋದ ಮೇಲೆ, ಒಂದು ಯುದ್ಧ ತಡವಾಗಿ.

ಅವರ ಮಡಿಕೇರಿಯ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ, 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ರಾಜಾಸೀಟಿಗೆ ಹೋದವರು ಅಲ್ಲಿಗೂ ಹೋಗಿಬನ್ನಿ.

ಈಶಾಪುರದವರು ಎಸ್‌ಎಲ್‌ಆರ್ ತಯಾರಿಸತೊಡಗಿದ ಹೊತ್ತಿನಲ್ಲೇ ಇನ್ನೊಂದು ಜಾಣತನವನ್ನೂ ಮಾಡಿದರು. ಎಸ್‌ಎಲ್‌ಆರ್ ಸಾಕಷ್ಟು ಬರುವವರೆಗೆ ಏನು ಮಾಡುವುದು? ಹಳೆಯ ತ್ರೀ ನಾಟ್ ತ್ರೀಯ ಲೀ ಎನ್‌ಫೀಲ್ಡ್ ವಿನ್ಯಾಸವನ್ನೇ ಗಟ್ಟಿ ಉಕ್ಕಿನಲ್ಲಿ ಹೊಸದಾಗಿ ಮಾಡಿ, 7.62 ತೋಟಾ ನುಂಗುವಂತೆ ತಿದ್ದಿದರು. ಅದೇ 2ಎ. ಮೊದಲು ಅದರ ಗುರಿಪಟ್ಟಿಯಲ್ಲಿ 2,000 ಗಜದವರೆಗೆ ಗುರುತುಗಳಿದ್ದವು. ಎರಡು ಸಾವಿರ ಗಜ ಅಂದರೆ ಹತ್ತಿರಹತ್ತಿರ ಎರಡು ಕಿಲೊಮೀಟರು, ಬರಿಗಣ್ಣಿಗೆ ಮನುಷ್ಯ ಇರಲಿ, ಲಾರಿಯೇ ಚುಕ್ಕೆ. ಆಮೇಲೆ ಬಂದ 2ಎ1ರಲ್ಲಿ ಅದನ್ನು 800 ಮೀಟರಿಗೆ ಇಳಿಸಿದರು. ಬೋಲ್ಟ್ ಎಳೆಯುವ ಈ ಬಂದೂಕನ್ನು ಪೊಲೀಸರ ಹೆಗಲ ಮೇಲೆ ಕಂಡು 'ತ್ರೀ ನಾಟ್ ತ್ರೀ' ಎಂದುಕೊಂಡವರು ಬಹಳ. ಹೊರಗಿನಿಂದ ಗುರುತಿಸಲು ಸುಲಭದ ದಾರಿ ಮ್ಯಾಗಜಿನ್. 2ಎ1ರದು ಚೌಕಾಕಾರ, ಹಳೆಯದರದು ಇಳಿಜಾರು.

ಪಾಕಿಸ್ತಾನ ಆರಿಸಿಕೊಂಡದ್ದು ಜರ್ಮನಿಯ ಜಿ3. ವಾಹ್ ಊರಿನ ಸರ್ಕಾರಿ ಆಯುಧ ಕಾರ್ಖಾನೆಯಲ್ಲಿ ಪರವಾನಗಿ ಪಡೆದು ತಯಾರಿಸಿತು. ಹೀಗೆ ಗಡಿಯ ಆಚೆ ಈಚೆ ಎರಡು ಬೇರೆ ಕೋವಿ, ಒಂದೇ ತೋಟಾ. ನೇಟೊದಲ್ಲಿ ಇಲ್ಲದ ಎರಡು ದೇಶಗಳು ನೇಟೊದ ತೋಟಾದಿಂದ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವು.

ಎರಡೂ ಕಡೆ ಕೋವಿಯೇ ಒಂದಾಗಿದ್ದ ಯುದ್ಧವೂ ಇದೆ. 1982ರ ಫಾಕ್‌ಲೆಂಡ್ಸ್. ಬ್ರಿಟಿಷರ ಕೈಯಲ್ಲಿ ಎಸ್‌ಎಲ್‌ಆರ್, ಅರ್ಜೆಂಟೀನಾದವರ ಕೈಯಲ್ಲಿ ಅವರೇ ರೊಸಾರಿಯೊದಲ್ಲಿ ತಯಾರಿಸಿದ ಫಾಲ್. ಮುಖ್ಯ ವ್ಯತ್ಯಾಸ: ಅರ್ಜೆಂಟೀನಾದ್ದು ಆಟೊಮ್ಯಾಟಿಕ್ ಆಗಿಯೂ ಹಾರುತ್ತಿತ್ತು, ಬ್ರಿಟಿಷರದು ಸೆಮಿ ಮಾತ್ರ. ಗೆದ್ದವರು ಸೆಮಿಯವರು. ಇದರಿಂದ ಸೆಮಿಯೇ ಶ್ರೇಷ್ಠ ಎಂದು ಸಾಧಿಸಲು ಹೋಗಬೇಡಿ, ಗೆಲುವಿಗೆ ತರಬೇತಿ, ತೋಪು, ಹಡಗು ಎಂಬ ಇನ್ನೂ ನೂರು ಕಾರಣಗಳಿವೆ. ಆದರೆ ಬ್ರಿಟಿಷರು ಮೊದಲಿಗೇ ಸೆಮಿ ಸಾಕು ಎಂದದ್ದಕ್ಕೆ ಎರಡು ಸರಳ ಕಾರಣಗಳಿದ್ದವು. ಈ ಶಕ್ತಿಯ ತೋಟಾ ಸರಣಿಯಾಗಿ ಹಾರಿದರೆ ಎರಡನೆಯ ಗುಂಡಿನಿಂದಲೇ ಗುರಿ ಮೇಲಕ್ಕೇಳುತ್ತದೆ. ಮತ್ತೆ, ಸಿಪಾಯಿ ಹೊತ್ತ ತೋಟಾ ಒಂದೊಂದೂ 24 ಗ್ರಾಂ. ನೂರು ಗುಂಡಿಗೆ ಸುಮಾರು ಎರಡೂವರೆ ಕಿಲೊ. ಎಂ16ರ ಸಣ್ಣ 5.56 ತೋಟಾದ ನೂರು ಗುಂಡಿಗೆ ಅದರ ಅರ್ಧ. ಹೊತ್ತವನಿಗೆ ಗೊತ್ತು ಬೆಲೆ.

ಫಾಲ್, ಜಿ3, ಎಂ14, ಈ ಮೂರರಲ್ಲಿ ಯಾವುದು ವಾಸಿ ಎಂದು ಬಂದೂಕಿನ ಹುಚ್ಚಿನವರು ಅರವತ್ತು ವರ್ಷದಿಂದ ಕಿತ್ತಾಡುತ್ತಿದ್ದಾರೆ, ಮೈಸೂರು ಮಲ್ಲಿಗೆ ಹೆಚ್ಚೋ ಉಡುಪಿ ಮಲ್ಲಿಗೆ ಹೆಚ್ಚೋ ಎನ್ನುವ ಹಾಗೆ. ಗುರಿಗೆ ಎಂ14, ಅದರ ಗುರಿಕಣ್ಣಿಗೆ ಸಮನಿಲ್ಲ. ಟ್ರಿಗರ್ ಕೂಡ ಹಿತ. ಅಗ್ಗಕ್ಕೆ, ಬೇಗ ತಯಾರಿಸುವುದಕ್ಕೆ ಜಿ3. ತಗಡು ಒತ್ತಿ ಮಾಡುವಂಥದ್ದು, ಉಕ್ಕಿನ ಗಟ್ಟಿಯಿಂದ ಕಡೆದು ತೆಗೆಯಬೇಕಿಲ್ಲ. ಆದರೆ ಭುಜಕ್ಕೆ ಕೊಡುವ ಗುದ್ದು ಜಾಸ್ತಿ, ಕೊನೆಯ ಗುಂಡು ಮುಗಿದರೂ ಬೋಲ್ಟ್ ತೆರೆದು ನಿಲ್ಲದು, ಖಾಲಿಯಾದದ್ದು ತಿಳಿಯುವುದು 'ಟಕ್' ಎಂಬ ಸದ್ದಿನಿಂದಲೇ. ಫಾಲ್‌ನಲ್ಲಿ ಅನಿಲ ಎಷ್ಟು ಬೇಕೆಂದು ತಿರುಪಿ ಹೊಂದಿಸಿಕೊಳ್ಳಬಹುದು. ಧೂಳು, ಕೆಸರು ಹೆಚ್ಚಾದರೆ ಅನಿಲ ಹೆಚ್ಚು, ಶುಭ್ರವಾಗಿದ್ದರೆ ಕಡಿಮೆ, ಊಟಕ್ಕೆ ಕೂತವರು ಉಪ್ಪು ಹಾಕಿಕೊಂಡಂತೆ. ಕೋವಿ ಸಜ್ಜುಮಾಡುವ ಹಿಡಿ ಎಡಗಡೆ ಇರುವುದರಿಂದ ಬಲಗೈ ಟ್ರಿಗರಿನಿಂದ ಕದಲಬೇಕಿಲ್ಲ. ಇಸ್ರೇಲಿನ ಮರಳಲ್ಲಿ ಅದು ಕಾಟ ಕೊಟ್ಟದ್ದು ನಿಜ. ಆದರೂ 90ಕ್ಕೂ ಹೆಚ್ಚು ದೇಶಗಳು ಬಳಸಿದವು. ನನ್ನನ್ನು ಕೇಳಿದರೆ ನನ್ನ ವೋಟು ಫಾಲ್‌ಗೇ, ಎನ್‌ಸಿಸಿಯ ಓಟವನ್ನು ಮರೆತು.

ಕೊಂಡುಕೊಳ್ಳೋಣವೇ ಎಂದಿರಾ? ಭಾರತದಲ್ಲಿ ಸೆಮಿ ಆಟೊಮ್ಯಾಟಿಕ್ ರೈಫಲ್, 7.62ರಂಥ ಸೈನಿಕ ತೋಟಾ ಎರಡೂ 'ನಿಷೇಧಿತ' ವರ್ಗ. ಮಾಮೂಲಿ ಲೈಸೆನ್ಸಿಗೆ ಸಿಗುವುದಿಲ್ಲ. ನಾಗರಿಕರಿಗೆ ಸರ್ಕಾರಿ ಕಾರ್ಖಾನೆಯವರು .315 ಎಂಬ ಬೇರೆಯೇ ಅಳತೆಯ ಬೋಲ್ಟ್ ರೈಫಲ್ ಮಾಡುವುದು ಇದೇ ಕಾರಣಕ್ಕೆ, ಸೈನ್ಯದ ತೋಟಾ ಅದರಲ್ಲಿ ಕೂರದಿರಲಿ ಎಂದು. 2019ರ ತಿದ್ದುಪಡಿಯ ಬಳಿಕ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಲಾಗಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂ ಮುಡಿಸಿ ಪೂಜೆ ಮಾಡುವ ಆ 'ತೋಕ್' ಎಂಬ ಕೋವಿಗೂ ಯುದ್ಧದ ರೈಫಲ್ಲಿಗೂ ಕಾನೂನಿನಲ್ಲಿ ಸಂಬಂಧವಿಲ್ಲ.

ಶ್ರೀಲಂಕಾದ ಕಾಡುಗಳಲ್ಲಿ 1987ರಿಂದ ನಮ್ಮ ಶಾಂತಿಪಾಲನಾ ಪಡೆ ಉದ್ದ ನಳಿಗೆಯ ಎಸ್‌ಎಲ್‌ಆರ್ ಹೊತ್ತು ಎಕೆ 47 ಹಿಡಿದವರ ಎದುರು ನಿಂತಾಗ, ದೂರ ಹೊಡೆಯುವ ಕೋವಿ ಹತ್ತಿರದ ಕಾದಾಟಕ್ಕೆ ಎಷ್ಟು ತೊಡಕೆಂಬುದು ರಕ್ತ ಕೊಟ್ಟು ತಿಳಿಯಿತು. ಮುಂದೆ ಸಣ್ಣ ತೋಟಾದ ಇನ್ಸಾಸ್ ರೈಫಲ್ ಬಂತು. ಕಾರ್ಗಿಲ್‌ನ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕು ಬಿಟ್ಟ ದೂರುಗಳು ಬಂದವು. ಎತ್ತರದ ಬೆಟ್ಟಗಳಲ್ಲಿ ದೂರದ ಗುರಿಗೆ ದೊಡ್ಡ ತೋಟಾವೇ ಬೇಕು ಎಂಬ ಹಳೆಯ ವಾದ ಮತ್ತೆ ಎದ್ದಿತು. 2019ರ ಫೆಬ್ರವರಿಯಲ್ಲಿ ಭಾರತ 72,400 ಸಿಗ್ 716 ರೈಫಲ್‌ಗಳಿಗೆ ಒಪ್ಪಂದ ಮಾಡಿಕೊಂಡಿತು, 2024ರಲ್ಲಿ ಇನ್ನೂ 73,000ಕ್ಕೆ. ತೋಟಾ ಯಾವುದು? 7.62×51. ಎಸ್‌ಎಲ್‌ಆರ್‌ನದೇ. ಕೋವಿಯ ವಂಶ ಯಾವುದು? ನಳಿಗೆ ಒಡೆದು ಸೋತ ಆ ಎಆರ್10ನದೇ, ಪಿಸ್ಟನ್ ಸೇರಿಸಿಕೊಂಡು. ಸಿಗ್ ಎಂಬ ಹೆಸರು ಎಲ್ಲೋ ಕೇಳಿದ ಹಾಗಿದೆಯೇ? ಮೆಕ್ಸಿಕೊದ ಕೋವಿ ಮಾಡಿಕೊಟ್ಟ ಸ್ವಿಸ್ ಕಂಪನಿಯ ಹೆಸರೇ ಅದು.

ಸಣ್ಣ ತೋಟಾದ ಎಂ16ನ್ನೂ ಅದರ ಮಕ್ಕಳನ್ನೂ ಅರ್ಧ ಶತಮಾನ ಹೊತ್ತ ಅಮೆರಿಕ ಕೂಡ 2022ರಲ್ಲಿ ತನ್ನ ಕಾಲಾಳುಗಳಿಗೆ ಹೊಸ ರೈಫಲ್ ಆರಿಸಿತು. ಅದರ ಮ್ಯಾಗಜಿನ್‌ನಲ್ಲಿ ಹಿಡಿಯುವುದು ಫಾಲ್‌ನಲ್ಲಿ ಹಿಡಿಯುತ್ತಿದ್ದಷ್ಟೇ, 20 ಗುಂಡು. ಗುಂಡಿನ ವ್ಯಾಸ ಹೆಸರಿಗೆ 6.8 ಮಿ.ಮೀ. ತೋಟಾದ ಕವಚದ ಉದ್ದ, 51.